ಅಲೆ ಏರುವ ಹಲಗೆಗೆ ಅಂಗಳದ ಬಿಸಿಲು ಆಗದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ತಾಲ್ಲೂಕುಗಳಿಗೆ ಸ್ವಂತದ ಕಡಲ ಕಿನಾರೆ ಇಲ್ಲ. ಹಾಗೆಂದು ಕಡಲೇನೂ ದೂರವಿಲ್ಲ. ಮೂಡುಬಿದಿರೆಯಿಂದ ಕಿನ್ನಿಗೋಳಿ ದಾರಿ ಹಿಡಿದರೆ ಮೂಲ್ಕಿ ಸುಮಾರು ಒಂದು ತಾಸಿನ ಹಾದಿ. ಅಮೆರಿಕ ಮೂಲದ ಸನ್ಯಾಸಿ ಜ್ಯಾಕ್ ಹೆಬ್ನರ್ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದ್ದು ಅಲ್ಲೇ. ದೇಶದ ಮೊದಲ ಸರ್ಫ್ ಕ್ಲಬ್ ಎಂದು ಅದಕ್ಕೆ ಹೆಸರು. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಅಳಿವೆಯ ಬಳಿಯ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. 2022ರಲ್ಲಿ ಪಣಂಬೂರು, 2024ರಲ್ಲಿ ಮತ್ತೆ ಸಸಿಹಿತ್ಲು. ನಾಲ್ಕಾರು ಪಾಠ ಕಲಿತು ಬಂದ ಒಳನಾಡಿನ ಹುಡುಗ ಹುಡುಗಿಯರಿಗೂ ಈಗ ಸ್ವಂತದ್ದೊಂದು ಬೋರ್ಡ್ ಬೇಕೆನಿಸುತ್ತದೆ.

ಆಸೆ ಸಹಜವೇ. ಎಡವಟ್ಟಾಗುವುದು ಆಯ್ಕೆಯಲ್ಲಿ. ಸ್ಪರ್ಧೆಯಲ್ಲಿ ಕಂಡ ಚೂಪು ಮೂತಿಯ, ಆರು ಅಡಿಯ ತೆಳು ಬೋರ್ಡು ಕಣ್ಣಿಗೆ ಕಟ್ಟಿರುತ್ತದೆ. ಕೈ ಅದರತ್ತಲೇ ಹೋಗುತ್ತದೆ.

ಕಂಬಳ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಕನೆಹಲಗೆಯ ತೂತುಗಳಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಅಡ್ಡಹಲಗೆಯಲ್ಲಿ ನಡೆಯುವುದು ವೇಗದ ಪಂದ್ಯ. ಎರಡೂ ಹಲಗೆಗಳೇ, ಕೆಲಸ ಮಾತ್ರ ಬೇರೆ. ಸರ್ಫ್‌ಬೋರ್ಡಿನದೂ ಇದೇ ಲೆಕ್ಕ. ತೆಳು ಬೋರ್ಡು ಹುಟ್ಟಿರುವುದು ಕಡಿದಾದ ಅಲೆಯಲ್ಲಿ ಗಕ್ಕನೆ ತಿರುಗಲು. ನಮ್ಮ ಕರಾವಳಿಯ ಸೊಂಟದೆತ್ತರದ ಮೆದು ಅಲೆಯಲ್ಲಿ ಅದು ಹೊಸಬನನ್ನು ಹೊರುವುದೇ ಇಲ್ಲ. ಕೈ ಬೀಸಿ ಬೀಸಿ ತೋಳು ಸೋಲುತ್ತದೆ, ಅಲೆ ಅಡಿಯಿಂದ ನುಸುಳಿ ದಡ ಸೇರುತ್ತದೆ.

ಬೋರ್ಡಿನ ತೇಲುವ ಶಕ್ತಿಯನ್ನು ಲೀಟರಿನಲ್ಲಿ ಅಳೆಯುತ್ತಾರೆ. ಹೆಚ್ಚಿನ ಬೋರ್ಡುಗಳ ಮೇಲೆ ಉದ್ದ, ಅಗಲ, ದಪ್ಪದ ಜೊತೆ ಈ ಸಂಖ್ಯೆಯೂ ಬರೆದಿರುತ್ತದೆ. ಹೊಸಬರಿಗೆ ಈ ಅಂಕಿ ತಮ್ಮ ತೂಕದ ಕಿಲೋ ಸಂಖ್ಯೆಗಿಂತ ಹೆಚ್ಚಿರಬೇಕು. 65 ಕಿಲೋ ತೂಗುವವರಿಗೆ 75ರಿಂದ 85 ಲೀಟರ್ ಆರಾಮ. ಅಷ್ಟೇ ತೂಕದ ಪಳಗಿದ ಸರ್ಫರ್ 25–30 ಲೀಟರಿನಲ್ಲೇ ಆಟ ತೋರಿಸುತ್ತಾರೆ ಎನ್ನುವುದು ಬೇರೆ ಮಾತು. ಎಂಟು ಅಡಿ ಉದ್ದ, 22 ಇಂಚು ಅಗಲ, ಮೂರು ಇಂಚಿಗಿಂತ ತುಸು ಹೆಚ್ಚು ದಪ್ಪವಿರುವ ಸಾಫ್ಟ್‌ಟಾಪ್, ಅಂದರೆ ಮೇಲ್ಮೈಗೆ ಮೆದು ಫೋಮ್ ಹೊದಿಸಿದ ಬೋರ್ಡು, ಮೊದಲ ಖರೀದಿಗೆ ಸರಿಯಾದ ಆಯ್ಕೆ. ತಲೆಗೆ ಬಡಿದರೂ ಫೈಬರ್ ಬೋರ್ಡಿನಷ್ಟು ಪೆಟ್ಟಾಗುವುದಿಲ್ಲ. ಪಕ್ಕದಲ್ಲಿ ಈಜುವವರಿಗೂ ಕ್ಷೇಮ.

ಎಂಟು ಅಡಿಯ ಹಲಗೆಯನ್ನು ಧರ್ಮಸ್ಥಳ–ಮಂಗಳೂರು ಬಸ್ಸಿಗೆ ಹತ್ತಿಸಿಕೊಳ್ಳುವ ಕಂಡಕ್ಟರ್ ಇನ್ನೂ ಹುಟ್ಟಿರಲಿಕ್ಕಿಲ್ಲ. ಕಾರಿನ ಮೇಲೆ ಕಟ್ಟುವ ವ್ಯವಸ್ಥೆ ಇಲ್ಲದವರು ಮೊದಲ ವರ್ಷ ಸರ್ಫ್ ಶಾಲೆಗಳಲ್ಲಿ ಬಾಡಿಗೆಗೆ ಪಡೆಯುವುದೇ ಜಾಣತನ. ಬೇರೆ ಬೇರೆ ಅಳತೆಯ ಬೋರ್ಡುಗಳನ್ನು ಹತ್ತಿ ನೋಡಿದ ಹಾಗೂ ಆಗುತ್ತದೆ.

ಬೋರ್ಡಿನ ಹಿಂಭಾಗದ ಅಡಿಯಲ್ಲಿರುವ ರೆಕ್ಕೆಗಳೇ ಫಿನ್. ಅವಿಲ್ಲದಿದ್ದರೆ ಅಲೆಯ ಮೇಲೆ ಬೋರ್ಡು ಅಡ್ಡಡ್ಡ ಜಾರುತ್ತದೆ. ಅಮೆರಿಕದ ಟಾಮ್ ಬ್ಲೇಕ್ 1935ರಲ್ಲಿ ಸ್ಪೀಡ್‌ಬೋಟಿನ ಕೀಲ್ ಒಂದನ್ನು ಬೋರ್ಡಿನಡಿ ಕೂರಿಸುವವರೆಗೆ ಸರ್ಫರ್‌ಗಳು ಕಾಲನ್ನೇ ನೀರಿಗಿಳಿಸಿ ತಿರುಗಿಸುತ್ತಿದ್ದರು. ಈಗ ಎಲ್ಲೆಡೆ ಕಾಣುವ ಮೂರು ಫಿನ್‌ಗಳ ಜೋಡಣೆ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಅವರದು. 1981ರಲ್ಲಿ ಅವರು ಬೆಲ್ಸ್ ಬೀಚ್ ಸ್ಪರ್ಧೆಯನ್ನು ಗೆದ್ದ ಮೇಲೆ ಜಗತ್ತು ಅದರ ಹಿಂದೆ ಬಿತ್ತು.

ಸಾಫ್ಟ್‌ಟಾಪ್ ಜೊತೆ ಬರುವ ಬಾಗುವ ಪ್ಲಾಸ್ಟಿಕ್ ಫಿನ್ ಕಲಿಯುವವರಿಗೆ ಧಾರಾಳ ಸಾಕು. ಮುಂದೆ ಗಟ್ಟಿ ಬೋರ್ಡಿಗೆ ಹೋದಾಗ ಎರಡು ಸಂಗತಿ ನೋಡಬೇಕು. ಮೊದಲನೆಯದು ಬುಡ. ಎಫ್‌ಸಿಎಸ್ ಫಿನ್‌ಗೆ ಎರಡು ಗಿಡ್ಡ ಹಲ್ಲುಗಳಿರುತ್ತವೆ, ಫ್ಯೂಚರ್ಸ್ ಫಿನ್‌ಗೆ ಒಂದೇ ಉದ್ದನೆಯ ಬುಡ. ಒಂದರ ಪೆಟ್ಟಿಗೆಗೆ ಇನ್ನೊಂದು ಕೂರುವುದಿಲ್ಲ. ಎರಡನೆಯದು ಅಳತೆ. 65ರಿಂದ 80 ಕಿಲೋ ತೂಕದವರಿಗೆ ಸಾಮಾನ್ಯವಾಗಿ ಮೀಡಿಯಂ ಹೊಂದುತ್ತದೆ. ಫಿನ್ ದೊಡ್ಡದಾದಷ್ಟೂ ಹಿಡಿತ ಹೆಚ್ಚು, ತಿರುವು ಬಿಗಿ. ದುಬಾರಿ ಕಾರ್ಬನ್ ಫಿನ್‌ನಿಂದ ಹೊಸಬನ ಆಟ ಸುಧಾರಿಸಿದ್ದು ಕಾಣೆ. ಆ ಹಣದಲ್ಲಿ ಗಟ್ಟಿಮುಟ್ಟಾದ ಲೀಶ್ ಕೊಳ್ಳಲಿ. ಹಿಂಗಾಲಿಗೂ ಬೋರ್ಡಿಗೂ ಕಟ್ಟುವ ಈ ಹಗ್ಗ ಬೋರ್ಡಿನಷ್ಟೇ ಉದ್ದ ಇರಬೇಕು.

ಇನ್ನು ಆರೈಕೆ. ನಮ್ಮ ಕಡೆ ಒದ್ದೆಯಾದ ವಸ್ತು ಯಾವುದೇ ಇರಲಿ, ನೇರ ಅಂಗಳಕ್ಕೆ. ಅಡಿಕೆ, ಹಪ್ಪಳ, ಹಾಸಿಗೆ ಎಲ್ಲಕ್ಕೂ ಬಿಸಿಲೇ ಮದ್ದು. ಬೋರ್ಡಿಗೆ ಆ ಮದ್ದೇ ವಿಷ. ಏಪ್ರಿಲ್ ಮಧ್ಯಾಹ್ನದ ಅಂಗಳದಲ್ಲೋ ಗಾಜು ಏರಿಸಿದ ಕಾರಿನೊಳಗೋ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ, ಹೊದಿಕೆ ಫೋಮಿನಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ತಗಡಿನ ಮಾಡಿನ ಕೆಳಗೂ ಇಡಬಾರದು. ಬಾವಿ ನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಆರಿಸಬೇಕು. ಕೆಂಪುಕಲ್ಲಿನ ಗೋಡೆಗೆ ಒರಗಿಸುವುದಾದರೆ ನಡುವೆ ಹಳೆಯ ಗೋಣಿಯೊಂದಿರಲಿ.

ಫಿನ್‌ಗಳನ್ನು ಆಗಾಗ ಕಳಚಿ ತೊಳೆಯಬೇಕು. ಅಲೆನ್ ಕೀ ಹಾಕಿ ಸ್ಕ್ರೂ ಸಡಿಲಿಸಿದರೆ ಗೂಡಿನೊಳಗೆ ಮರಳಿನ ಕಣಗಳು, ಉಪ್ಪಿನ ಬಿಳಿ ಪುಡಿ ಕಾಣುತ್ತವೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡು, ಕೊನೆಗೆ ತಲೆ ಸವೆದು ಕೀ ಸುಮ್ಮನೆ ತಿರುಗುತ್ತದೆ. ಕಾಲು ಜಾರದಂತೆ ಗಟ್ಟಿ ಬೋರ್ಡಿಗೆ ಹಚ್ಚುವ ವ್ಯಾಕ್ಸ್‌ನಲ್ಲೂ ಬಗೆಗಳಿವೆ. ನಮ್ಮ ಬೆಚ್ಚನೆಯ ನೀರಿಗೆ ‘ಟ್ರಾಪಿಕಲ್’ ಎಂದು ಬರೆದದ್ದೇ ಆಗಬೇಕು, ಬೇರೆಯದು ಕರಗಿ ಹೋಗುತ್ತದೆ.

ಸೆಕೆಂಡ್‌ಹ್ಯಾಂಡ್ ಫೈಬರ್ ಬೋರ್ಡು ಕೊಳ್ಳುವವರು ಕಾಲಿಡುವ ಜಾಗವನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗೆ ತಗ್ಗಿದರೆ ಹೊದಿಕೆ ಬಿಟ್ಟಿದೆ ಎಂದರ್ಥ. ಫಿನ್ ಗೂಡಿನ ಸುತ್ತ ಕೂದಲೆಳೆಯ ಬಿರುಕಿದ್ದರೂ ನೀರು ಒಳಗಿಳಿಯುತ್ತದೆ. ಸಣ್ಣ ಗಾಯವಾದರೆ ಪೂರ್ತಿ ಒಣಗಿಸಿ ರಾಳ ತುಂಬಬಹುದು. ಆದರೆ ಥರ್ಮೋಕೋಲ್ ಜಾತಿಯ ಇಪಿಎಸ್ ಫೋಮಿಗೆ ಎಪಾಕ್ಸಿ ಮಾತ್ರ. ಪಾಲಿಯೆಸ್ಟರ್ ರಾಳ ಸುರಿದರೆ ಫೋಮು ಕಣ್ಣೆದುರೇ ಕರಗುತ್ತದೆ.

ಈ ದುರಸ್ತಿಯನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿಕೊಳ್ಳಿ, ಮಳೆಗಾಲದ ತೇವದಲ್ಲಿ ರಾಳ ಸರಿಯಾಗಿ ಕೂರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಹೊಸಬರ ಬೋರ್ಡೂ ಅಷ್ಟು ದಿನ ಫಿನ್ ಕಳಚಿಕೊಂಡು ಮನೆಯೊಳಗೇ ಇರಲಿ.