ಕ್ಯಾರಿಬೂ ಹಾದಿಯಲ್ಲಿ ವಜ್ರದ ಗಣಿ

ಕೆನಡಾದ ಉತ್ತರ ಭಾಗದಲ್ಲಿ, ಮರವೇ ಬೆಳೆಯದ ಬಯಲಿನಲ್ಲಿ ‘ಏಕಾಟಿ’ ಎಂಬ ವಜ್ರದ ಗಣಿ ಇದೆ. 1998ರಲ್ಲಿ ಶುರುವಾದ ಇದು ಆ ದೇಶದ ಮೊದಲ ವಜ್ರದ ಗಣಿ. ಹೆಸರು ಮಾತ್ರ ತೀರಾ ಹಳೆಯದು. ಅಲ್ಲಿನ ಟ್ಲಿಚೋ ಭಾಷೆಯಲ್ಲಿ ಪಕ್ಕದ ದೊಡ್ಡ ಸರೋವರಕ್ಕಿದ್ದ ಹೆಸರು ಅದು. ಅರ್ಥ, ಕೊಬ್ಬಿನ ಕೆರೆ. ಅಲ್ಲಿನ ಬಂಡೆಗಳಲ್ಲಿನ ಬಿಳಿ ಬೆಣಚುಕಲ್ಲು ಕ್ಯಾರಿಬೂ ಕೊಬ್ಬಿನಂತೆ ಕಾಣುತ್ತದೆಂದು ಹಿರಿಯರು ಹಾಗೆ ಕರೆದರಂತೆ.

ಕ್ಯಾರಿಬೂ ಎಂದರೆ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಸಾಂಟಾನ ಗಾಡಿ ಎಳೆಯುವ ಹಿಮಸಾರಂಗದ ಕಾಡು ಬಂಧು. ಎರಡೂ ಒಂದೇ ಪ್ರಭೇದ. ಜಿಂಕೆ ಜಾತಿಯಲ್ಲಿ ಸಾಮಾನ್ಯವಾಗಿ ಗಂಡಿಗಷ್ಟೇ ಕೊಂಬು. ಕ್ಯಾರಿಬೂನಲ್ಲಿ ಹೆಣ್ಣಿಗೂ ಉಂಟು. ಚಳಿಗಾಲವನ್ನು ಅದು ಕಾಡಿನಲ್ಲಿ, ಹಿಮವನ್ನು ಗೊರಸಿನಿಂದ ಕೆದರಿ ಕಲ್ಲುಹೂವು ತಿಂದು ಕಳೆಯುತ್ತದೆ. ಚಳಿ ಇಳಿಯುತ್ತಿದ್ದಂತೆ ನೂರಾರು ಕಿಲೋಮೀಟರ್ ಉತ್ತರಕ್ಕೆ ನಡೆದು ಮರಿ ಹಾಕುತ್ತದೆ. ಮತ್ತೆ ಚಳಿ ಬರುವಾಗ ಮರಳಿ ಕಾಡಿಗೆ.

ಈ ನಡಿಗೆಯ ಲೆಕ್ಕದಲ್ಲೇ ಬದುಕು ಕಟ್ಟಿಕೊಂಡವರು ಡೆನೆ ಜನ. ಟ್ಲಿಚೋ, ಗ್ವಿಚಿನ್, ಸಾಹ್ತು, ಡೆನೆಸುಲಿನೆ ಹೀಗೆ ಹಲವು ಸಮುದಾಯಗಳು ಈ ಹೆಸರಿನಡಿ ಬರುತ್ತವೆ. ಡೆನೆ ಎಂದರೆ ಜನ. ತಮ್ಮ ನೆಲವನ್ನು ಅವರು ‘ಡೆನೆಂಡೆ’ ಎನ್ನುತ್ತಾರೆ.

ಒಂದು ಕ್ಯಾರಿಬೂ ಸಿಕ್ಕರೆ ಅದರಲ್ಲಿ ಬಿಸಾಡುವಂಥದ್ದು ಕಡಿಮೆ. ಮಾಂಸವನ್ನು ತೆಳ್ಳಗೆ ಸೀಳಿ ಒಣಗಿಸುತ್ತಾರೆ. ತೊಗಲು ಬಟ್ಟೆಯಾಗುತ್ತದೆ, ಡೇರೆಯಾಗುತ್ತದೆ, ತಮಟೆಗೆ ಹೊದಿಕೆಯಾಗುತ್ತದೆ. ಸ್ನಾಯುವಿನ ಎಳೆ ಹೊಲಿಗೆಯ ದಾರ, ಮೂಳೆ ತೊಗಲು ಹೆರೆಯುವ ಉಪಕರಣ. ತೊಗಲನ್ನು ಹದ ಮಾಡಲು ಅದೇ ಪ್ರಾಣಿಯ ಮಿದುಳನ್ನು ಹಚ್ಚುತ್ತಾರೆ. ಬೇಟೆಗೂ ರೀತಿ ರಿವಾಜು ಉಂಟು. ಮಾಂಸವನ್ನು ಹಂಚಿಕೊಂಡು ತಿನ್ನಬೇಕು. ಪ್ರಾಣಿಯನ್ನು ಕೋಲಿನಿಂದ ಹೊಡೆಯಬಾರದು. ಹಿಂಡಿನ ಮುಂದಾಳುಗಳನ್ನು ಮೊದಲು ದಾಟಲು ಬಿಡಬೇಕು, ಏಕೆಂದರೆ ಹಾದಿ ಗೊತ್ತಿರುವುದು ಅವಕ್ಕೆ. ಅವಮರ್ಯಾದೆ ಮಾಡಿದರೆ ಕ್ಯಾರಿಬೂ ಮತ್ತೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಯೋಚಿಸಿ: ಅತಿಯಾಗಿ ಕೊಲ್ಲದಂತೆ ತಡೆಯಲು ಇದಕ್ಕಿಂತ ಗಟ್ಟಿ ಕಾನೂನು ಯಾವುದಿದ್ದೀತು?

ಆದರೆ ಸರ್ಕಾರ ಹಾಗೆ ನೋಡಲಿಲ್ಲ. 1950ರ ದಶಕದಲ್ಲಿ ಕ್ಯಾರಿಬೂ ಕಡಿಮೆಯಾಗುತ್ತಿವೆ ಎಂಬ ಆತಂಕ ಹುಟ್ಟಿತು. ತಪ್ಪೆಲ್ಲ ಡೆನೆ ಬೇಟೆಗಾರರದ್ದೆಂದು ಅಧಿಕಾರಿಗಳು ತೀರ್ಮಾನಿಸಿದರು. 1956ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಡಕ್ ಲೇಕ್‌ನಿಂದ ಸಯೀಸಿ ಡೆನೆ ಕುಟುಂಬಗಳನ್ನು ವಿಮಾನದಲ್ಲಿ ತುಂಬಿಕೊಂಡು ಹೋಗಿ ಚರ್ಚಿಲ್ ಪಟ್ಟಣದ ಅಂಚಿನಲ್ಲಿ ಇಳಿಸಿದರು. ಬೇಟೆ ಇಲ್ಲ, ಕೆಲಸವಿಲ್ಲ, ನೆಟ್ಟಗೆ ಮನೆಯೂ ಇಲ್ಲ. ಬಡತನ, ಕುಡಿತ, ಹಿಂಸೆ, ಬೆಂಕಿ ಅನಾಹುತಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟು ಚಿಕ್ಕ ಸಮುದಾಯಕ್ಕೆ ಅದು ಸರಿಸುಮಾರು ಮೂರರಲ್ಲಿ ಒಂದು ಪಾಲು. ಉಳಿದವರು 1973ರ ಹೊತ್ತಿಗೆ ತಾವಾಗಿಯೇ ಟಡೂಲ್ ಲೇಕ್‌ಗೆ ಹೋಗಿ, ಕ್ಯಾರಿಬೂ ಹಾದಿಯ ಪಕ್ಕದಲ್ಲಿ ಹೊಸ ಊರು ಕಟ್ಟಿದರು. ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2016ರಲ್ಲಿ, ಅರವತ್ತು ವರ್ಷಗಳ ನಂತರ.

ಈಗಿನ ಸಂಕಟ ಬೇರೆ ಥರದ್ದು. ಟ್ಲಿಚೋ ಜನ ನೆಚ್ಚಿಕೊಂಡಿದ್ದ ಬ್ಯಾಥರ್ಸ್ಟ್ ಹಿಂಡಿನಲ್ಲಿ 1986ರಲ್ಲಿ ಸುಮಾರು 4.7 ಲಕ್ಷ ಕ್ಯಾರಿಬೂಗಳಿದ್ದವು. 2021ರ ಗಣತಿಯಲ್ಲಿ ಸಿಕ್ಕಿದ್ದು ಸುಮಾರು 6,200. ಒಂದೇ ಕಾರಣ ಹೇಳುವುದು ಕಷ್ಟ. ಹವಾಮಾನ ಬದಲಾಗುತ್ತಿದೆ, ಕಾಳ್ಗಿಚ್ಚು ಕಲ್ಲುಹೂವನ್ನು ಸುಡುತ್ತಿದೆ, ತೋಳಗಳಿವೆ, ಬೇಟೆಯೂ ನಡೆದಿದೆ, ಹಿಂಡು ತಾನಾಗಿಯೇ ಏರಿಳಿಯುವ ಚಕ್ರವೂ ಇದೆ. ಜೊತೆಗೆ ಗಣಿ ಮತ್ತು ರಸ್ತೆಗಳು. ಏಕಾಟಿ ಮತ್ತು ಅದರ ಪಕ್ಕದ ಡಯಾವಿಕ್ ಗಣಿಗಳ ಸುತ್ತ ಸುಮಾರು 14 ಕಿಲೋಮೀಟರ್‌ವರೆಗೆ ಕ್ಯಾರಿಬೂ ಸುಳಿಯುವುದು ಕಡಿಮೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಇಲ್ಲೇ ಇರುವುದು ನಮ್ಮಂಥ ಉದ್ಯೋಗಾಕಾಂಕ್ಷಿಗಳಿಗೆ ತಟ್ಟುವ ಪ್ರಶ್ನೆ. ಆ ಗಣಿಗಳೇ ಟ್ಲಿಚೋ ಯುವಕರಿಗೆ ಕೆಲಸ ಕೊಟ್ಟವು. ಎರಡು ವಾರ ಗಣಿಯಲ್ಲಿ, ಎರಡು ವಾರ ಊರಲ್ಲಿ, ಹೋಗಿಬರಲು ವಿಮಾನ. ಸಂಬಳ ಚೆನ್ನಾಗಿದೆ. ಬೇಟೆಗೆ ಬೇಕಾದ ಸ್ನೋಮೊಬೈಲ್, ಪೆಟ್ರೋಲ್ ಕೊಳ್ಳಲೂ ಆ ದುಡ್ಡೇ ಬೇಕು. ಹಾಗಿದ್ದರೆ ಕೆಲಸ ಬಿಡಬೇಕೋ, ಕ್ಯಾರಿಬೂ ಮರೆಯಬೇಕೋ? ಇಷ್ಟಾಗಿ ಗಣಿಯೂ ಶಾಶ್ವತವಲ್ಲ. 2003ರಲ್ಲಿ ಶುರುವಾದ ಡಯಾವಿಕ್ ಗಣಿಯ ಉತ್ಪಾದನೆ 2026ಕ್ಕೆ ಮುಗಿಯುತ್ತದೆಂದು ಕಂಪನಿಯೇ ಹೇಳಿತ್ತು. ಇಪ್ಪತ್ತಮೂರು ವರ್ಷ ಎಂದರೆ ಒಬ್ಬ ನೌಕರನ ಪೂರ್ತಿ ಸೇವಾವಧಿಯೂ ಅಲ್ಲ.

ಟ್ಲಿಚೋ ಜನ ಈ ಪ್ರಶ್ನೆಯನ್ನು ಕೈಕಟ್ಟಿ ನೋಡುತ್ತ ಕೂತಿಲ್ಲ. 2005ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಅವರಿಗೆ ಸ್ವಂತ ಸರ್ಕಾರ ಸಿಕ್ಕಿದೆ. ಸುಮಾರು 39,000 ಚದರ ಕಿಲೋಮೀಟರ್ ನೆಲದ ಒಡೆತನವೂ ಸಿಕ್ಕಿದೆ. 2015ರಿಂದ ಬ್ಯಾಥರ್ಸ್ಟ್ ಹಿಂಡು ಇರುವ ಕಡೆ ಬೇಟೆ ಬಂದ್ ಆಗಿದೆ. ಕ್ಯಾರಿಬೂ ಮಾಂಸವಿಲ್ಲದೆ ಹಬ್ಬವೇ ಇಲ್ಲ ಎನ್ನುವ ಜನಕ್ಕೆ ಇದು ಸಣ್ಣ ತ್ಯಾಗವಲ್ಲ. 2016ರಲ್ಲಿ ಅವರು ‘ಬೂಟ್ಸ್ ಆನ್ ದ ಗ್ರೌಂಡ್’ ಎಂಬ ಕಾರ್ಯಕ್ರಮ ಶುರು ಮಾಡಿದರು. ಬೇಸಿಗೆಯಲ್ಲಿ ಹಿರಿಯರು, ಬೇಟೆಗಾರರು, ಹುಡುಗರು, ವಿಜ್ಞಾನಿಗಳು ಸಣ್ಣ ಗುಂಪು ಕಟ್ಟಿಕೊಂಡು ಕಾಂಟ್‌ವೋಯ್ಟೋ ಸರೋವರದ ಆಸುಪಾಸಿನಲ್ಲಿ ಡೇರೆ ಹಾಕುತ್ತಾರೆ. ಹಿಂಡು ಬರುವವರೆಗೆ ಕಾಯುತ್ತಾರೆ, ಜೊತೆಗೆ ನಡೆಯುತ್ತಾರೆ. ಮರಿಗಳು ಎಷ್ಟಿವೆ, ಯಾವುದು ಕುಂಟುತ್ತಿದೆ, ಸೊಳ್ಳೆ ನೊಣ ಎಷ್ಟು ಕಾಡುತ್ತಿವೆ, ಎಲ್ಲವನ್ನೂ ಬರೆದಿಡುತ್ತಾರೆ. ವಿಮಾನದಿಂದ ತೆಗೆದ ಫೋಟೊ ಎಣಿಕೆ ಹೇಳುತ್ತದೆ. ಪ್ರಾಣಿ ಸೊರಗಿದೆಯೋ ಇಲ್ಲವೋ ಎಂಬುದು ಹತ್ತಿರದಿಂದ ನೋಡಿದ ಹಿರಿಯನಿಗೆ ಗೊತ್ತಾಗುತ್ತದೆ. ಹಿಂದೊಮ್ಮೆ ಇದೇ ಜನರನ್ನು ಕ್ಯಾರಿಬೂವಿನ ಶತ್ರುಗಳೆಂದು ದೂರಿದ್ದರು. ಇಂದು ಅವರ ನೋಟ್ಸ್ ಇಲ್ಲದೆ ಹಿಂಡಿನ ಕಥೆ ಪೂರ್ತಿಯಾಗುವುದಿಲ್ಲ.

ಟ್ಲಿಚೋ ಮುಖಂಡ ಜಿಮ್ಮಿ ಬ್ರೂನೋ ತಮ್ಮ ಮಕ್ಕಳಿಗೆ ಶಾಲೆ ಬೇಕೆಂದು ಕೇಳಿದಾಗ ಒಂದು ಷರತ್ತು ಇಟ್ಟಿದ್ದರು. ಬಿಳಿಯರ ವಿದ್ಯೆಯನ್ನೂ ಕಲಿಸಬೇಕು, ನಮ್ಮ ವಿದ್ಯೆಯನ್ನೂ ಕಲಿಸಬೇಕು. ಒಂದು ಇನ್ನೊಂದನ್ನು ನುಂಗಬಾರದು. ಅವರ ಹೆಸರಿನ ಶಾಲೆ 1970ರ ದಶಕದ ಆರಂಭದಲ್ಲಿ ತೆರೆಯಿತು. ‘ಇಬ್ಬರಷ್ಟು ಬಲ’ ಎಂಬ ಮಾತು ಇಂದಿಗೂ ಟ್ಲಿಚೋ ಶಿಕ್ಷಣದ ಧ್ಯೇಯವಾಕ್ಯ.

ರೆಸ್ಯುಮೆಯಲ್ಲಿ ಅಪ್ಪ ಅಮ್ಮನ ಕಸುಬಿಗೆ ಜಾಗ ಇರುವುದಿಲ್ಲ. ಹೊಲದ ಹದ, ಮಗ್ಗದ ಎಳೆ, ಮಳೆ ಗುರುತಿಸುವ ಕಣ್ಣು, ಇವುಗಳಿಗೆ ಸರ್ಟಿಫಿಕೇಟ್ ಇಲ್ಲ. ಡಿಗ್ರಿ ಕೈಗೆ ಬಂದ ದಿನವೇ ಅವನ್ನೆಲ್ಲ ಹಳೆಯದೆಂದು ಕಟ್ಟಿಡುವುದು ನಮ್ಮಲ್ಲಿ ರೂಢಿ. ಏಕಾಟಿಯ ಗಣಿ ಒಂದಲ್ಲ ಒಂದು ದಿನ ಮುಚ್ಚುತ್ತದೆ. ಆಗ ಆ ಸರೋವರಕ್ಕೆ ಕೊಬ್ಬಿನ ಕೆರೆ ಎಂಬ ಹೆಸರೇಕೆ ಬಂತೆಂದು ಹೇಳಬಲ್ಲ, ಜೊತೆಗೆ ಅದರ ನೀರಿನ ಪರೀಕ್ಷಾ ವರದಿಯನ್ನೂ ಓದಬಲ್ಲ ಹುಡುಗ ಹುಡುಗಿಯರು ಅಲ್ಲಿ ಬೇಕಾಗುತ್ತಾರೆ. ಅಂಥವರನ್ನು ತಯಾರು ಮಾಡುವ ಕೆಲಸ ಅಲ್ಲಿ ಈಗಾಗಲೇ ನಡೆಯುತ್ತಿದೆ.