ಮಂಗನ ಕಾಯಿಲೆ: ಜೀವಕೋಶದ ಸುದ್ದಿ ತಡೆಯುವ ವೈರಾಣು

ಮಕ್ಕಳೇ, ದಾಂಡೇಲಿ, ಜೋಯಿಡಾ ಕಾಡಿನಲ್ಲಿ ಹುಲಿಯೋ ಚಿರತೆಯೋ ಕಂಡರೆ ಮರದ ಮೇಲಿನ ಮುಸುವ ಏನು ಮಾಡುತ್ತದೆ? ಜೋರಾಗಿ ಕೂಗುತ್ತದೆ. ಕೆಳಗೆ ಮೇಯುತ್ತಿರುವ ಜಿಂಕೆಗಳು ಆ ಕೂಗು ಕೇಳಿ ಎಚ್ಚರಗೊಳ್ಳುತ್ತವೆ. ನಮ್ಮ ದೇಹದ ಜೀವಕೋಶಗಳೂ ಹೀಗೆ ಒಂದಕ್ಕೊಂದು ಎಚ್ಚರಿಕೆ ಕೊಡುತ್ತವೆ. ಅವುಗಳಿಗೆ ಬಾಯಿ, ಕಿವಿ ಇಲ್ಲವಲ್ಲ, ಹೇಗೆ ಸಾಧ್ಯ?

ವೈರಾಣು ಒಂದು ಜೀವಕೋಶದೊಳಗೆ ನುಗ್ಗಿತೆನ್ನಿ. ಆ ಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಕೋಶಗಳ ಹೊರಮೈಯಲ್ಲಿ ಇದನ್ನು ಹಿಡಿಯುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿಕೈ ಕೂರುವಂತೆ ಇಂಟರ್‌ಫೆರಾನ್ ಅಲ್ಲಿ ಕೂರುತ್ತದೆ. ಕೂಡಲೇ ಒಳಗಿನ ಪ್ರೋಟೀನುಗಳು ಸುದ್ದಿಯನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಅಲ್ಲಿ ನೂರಾರು ಜೀನುಗಳು ಎಚ್ಚೆತ್ತು, ವೈರಾಣುವನ್ನು ತಡೆಯುವ ಪ್ರೋಟೀನುಗಳು ತಯಾರಾಗುತ್ತವೆ. ಸುದ್ದಿ ಸಾಗುವ ಈ ದಾರಿಗೆ ಸಂಕೇತ ಪಥ ಎನ್ನುತ್ತಾರೆ.

ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಅವರೂ, ಸ್ವಿಟ್ಜರ್ಲೆಂಡಿನಿಂದ ಸಂಶೋಧನೆಗೆಂದು ಬಂದಿದ್ದ ತರುಣ ಜಾನ್ ಲಿಂಡೆನ್‌ಮನ್ ಅವರೂ ಕೋಳಿಮೊಟ್ಟೆಯ ಪೊರೆಯ ಮೇಲೆ ಪ್ರಯೋಗ ಮಾಡಿ ಇದನ್ನು ಕಂಡುಕೊಂಡರು. ವಿಚಿತ್ರವೆಂದರೆ, ಅದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಜನರಿಗೂ ಜ್ವರ ಬಂತು. ಹಾಗೆ ಪತ್ತೆಯಾದದ್ದೇ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಇದು ಕಾಣಿಸಿಕೊಂಡಿತ್ತು.

ಈ ವೈರಾಣುವನ್ನು ಹರಡುವುದು ಉಣ್ಣಿ. ಕೆಲವು ಕಡೆ ಇದನ್ನು ಉಣುಗು ಎನ್ನುತ್ತಾರೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ನೆಲಕ್ಕೆ ಉದುರುತ್ತವೆ. ಬೇಸಿಗೆಯಲ್ಲಿ ತರಗೆಲೆ, ಸೌದೆ ತರಲು ಹೋದವರಿಗೆ ಸಾಸಿವೆಯಷ್ಟು ಚಿಕ್ಕ ಮರಿ ಉಣ್ಣಿ ಕಚ್ಚಿದರೂ ಗೊತ್ತಾಗುವುದಿಲ್ಲ. ಕೆಲವು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಶುರು. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ಜೀವ ಹೋದದ್ದೂ ಉಂಟು. ಹಳಿಯಾಳವಿರಲಿ, ಮುಂಡಗೋಡವಿರಲಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಬೇಕು.

ಇಂಟರ್‌ಫೆರಾನ್ ಇದ್ದರೂ ಈ ವೈರಾಣು ಗೆಲ್ಲುವುದು ಹೇಗೆ? 2012ರಲ್ಲಿ ಕೆನಡಾದ ವಿಜ್ಞಾನಿಗಳು ಇದರ ಎನ್‌ಎಸ್‌5 ಎಂಬ ಪ್ರೋಟೀನನ್ನು ಪರೀಕ್ಷಿಸಿದರು. ವೈರಾಣುವಿನ ಪ್ರತಿಗಳನ್ನು ತಯಾರಿಸುವುದು ಅದರ ಮುಖ್ಯ ಕೆಲಸ. ಜೊತೆಗೆ ಅದು ಇಂಟರ್‌ಫೆರಾನಿನ ಸುದ್ದಿ ಸಾಗದಂತೆಯೂ ಅಡ್ಡಗಟ್ಟುತ್ತದೆ! ಕೋಶಕೇಂದ್ರಕ್ಕೆ ಸುದ್ದಿ ಮುಟ್ಟದಿದ್ದರೆ ಕಾವಲಿನ ಪ್ರೋಟೀನುಗಳೂ ತಯಾರಾಗುವುದಿಲ್ಲ.

ಹಾಗಾದರೆ ಹೊರಗಿನಿಂದ ಇಂಟರ್‌ಫೆರಾನ್ ಕೊಡಬಹುದಲ್ಲವೇ? ಅದನ್ನೂ ಪ್ರಯೋಗಾಲಯದ ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಬೇರೆ ರೋಗಗಳಿಗೆ ಔಷಧವಾಗಿ ಬಳಸುವ ಬಗೆಯಿಂದ ಹೆಚ್ಚು ಉಪಯೋಗವಾಗಲಿಲ್ಲ. ಇಂಟರ್‌ಫೆರಾನಿನ ಬೇರೆ ಕೆಲವು ಬಗೆಗಳು ಮಾತ್ರ ವೈರಾಣುವಿನ ಬೆಳವಣಿಗೆಯನ್ನು ತಗ್ಗಿಸಿದವು. ಈ ಕಾಯಿಲೆಗೇ ಎಂದು ಮೀಸಲಾದ ಔಷಧ ಇನ್ನೂ ಬಂದಿಲ್ಲ. ಎನ್‌ಎಸ್‌5 ಅನ್ನು ಹಿಡಿದು ನಿಲ್ಲಿಸುವ ಔಷಧ ಸಿಕ್ಕರೆ ಪ್ರತಿಗಳ ತಯಾರಿಯೂ ನಿಲ್ಲಬಹುದು, ಅಡ್ಡಗಟ್ಟಿದ ದಾರಿಯೂ ತೆರೆಯಬಹುದು.