ಹಸಿರು ಚಹಾ: ಲೇಪನ, ಪರಿಮಳ ಮತ್ತು ವಿವೇಕ

ಡೊಂಬಿವಲಿ, ಕಲ್ಯಾಣಗಳಿಂದ ಮುಂಜಾನೆಯ ಲೋಕಲ್ ಹಿಡಿದು, ಬೆವರಿನಲ್ಲಿ ತೊಯ್ದು ಕಚೇರಿ ಸೇರುವ ನಮ್ಮಂಥವರಿಗೆ ಚರ್ಮದ ಆರೈಕೆ ಕೇವಲ ಶೋಕಿಯ ವಿಷಯವಲ್ಲ. ಆದುದರಿಂದಲೇ ಠಾಣೆ, ವಾಶಿಗಳ ಅಂಗಡಿಗಳಲ್ಲಿ ‘ಗ್ರೀನ್ ಟೀ’ ಎಂಬ ಹೆಸರು ಹೊತ್ತ ಕ್ರೀಮು, ಸಾಬೂನು, ಸೆಂಟು, ತೈಲಗಳು ಸುಲಭವಾಗಿ ನಮ್ಮ ಕೈಚೀಲ ಸೇರುತ್ತವೆ. ಹೆಸರು ಒಂದೇ ಆದರೂ ಇವುಗಳ ಗುಣ ಒಂದೇ ಅಲ್ಲವೆಂಬುದನ್ನು ಅರಿತಿರುವುದು ಹಣಕ್ಕೂ ಆರೋಗ್ಯಕ್ಕೂ ಹಿತ.

ಹಸಿರು ಚಹಾ ಮತ್ತು ಕರಿ ಚಹಾ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ತಡಮಾಡದೆ ಹಬೆಯಲ್ಲಾಗಲಿ ಬಾಣಲೆಯಲ್ಲಾಗಲಿ ಬಿಸಿಮಾಡಿದರೆ ಅದನ್ನು ಕಪ್ಪಾಗಿಸುವ ಕಿಣ್ವ ನಿಷ್ಕ್ರಿಯವಾಗಿ, ಕ್ಯಾಟೆಚಿನ್ ಎಂಬ ಒಗರು ದ್ರವ್ಯಗಳು ಬಹುಮಟ್ಟಿಗೆ ಉಳಿಯುತ್ತವೆ. ಇವುಗಳಲ್ಲಿ ಮುಖ್ಯವಾದುದು ಇ.ಜಿ.ಸಿ.ಜಿ. ಬಿಸಿಲಿನಿಂದ ಚರ್ಮ ಕೆಂಪೇರುವುದನ್ನು ಇವು ತಕ್ಕಮಟ್ಟಿಗೆ ತಗ್ಗಿಸುತ್ತವೆಂದು ಪ್ರಯೋಗಗಳು ತೋರಿಸಿವೆ. ಜನನಾಂಗದ ಹೊರಭಾಗದ ನರುಲಿಗಳಿಗೆ ಚಹಾ ಸತ್ವದ ಮುಲಾಮೊಂದನ್ನು ಅಮೆರಿಕವು 2006ರಲ್ಲಿ ವೈದ್ಯರ ಚೀಟಿಯ ಔಷಧವಾಗಿ ಅಂಗೀಕರಿಸಿತು. ಆದರೆ ಅದರಲ್ಲಿ ಸತ್ವದ ಪ್ರಮಾಣ ಶೇಕಡಾ 15. ಉರಿ, ತುರಿಕೆಗಳೂ ಅದರ ಜೊತೆಗೇ ಬರಬಹುದು. ಸಾಮಾನ್ಯ ಕ್ರೀಮಿನಿಂದ ಅಂಥ ಫಲವನ್ನು ನಿರೀಕ್ಷಿಸುವುದು ಸಲ್ಲದು. ಗಾಳಿ, ಬೆಳಕು, ಶಾಖಗಳಿಗೆ ಈ ಸತ್ವ ಬೇಗ ಕೆಡುತ್ತದೆಂಬುದೂ ಗಮನಾರ್ಹ.

ಪರಿಮಳದ ಕಥೆಯೇ ಬೇರೆ. ಕ್ಯಾಟೆಚಿನ್‌ಗಳು ಆವಿಯಾಗುವುದಿಲ್ಲ, ಆದ್ದರಿಂದ ಅವುಗಳಿಗೆ ಸುವಾಸನೆಯಿಲ್ಲ. 1992ರಲ್ಲಿ ಬುಲ್ಗರಿ ಸಂಸ್ಥೆಗಾಗಿ ಹಸಿರು ಚಹಾದ ಪ್ರಸಿದ್ಧ ಸುಗಂಧವನ್ನು ರೂಪಿಸಿದ ಫ್ರಾನ್ಸಿನ ಜಾನ್ ಕ್ಲೋದ್ ಎಲೆನಾ, ಚಹಾದ ಭಾವವನ್ನು ಮೂಡಿಸಿದ್ದು ಅಯೊನೋನ್, ಹೆಡಿಯೋನ್ ಎಂಬ ರಾಸಾಯನಿಕಗಳ ಹೊಂದಾಣಿಕೆಯಿಂದ. ನಮ್ಮ ನಾಡಿನ ಶ್ರೀಗಂಧವನ್ನು ಇದರೊಡನೆ ಹೋಲಿಸಿ ನೋಡಬಹುದು. ಅದರ ತೈಲವು ಮರದ ಚೇಗಿನಿಂದಲೇ ಬಟ್ಟಿಯಿಳಿದು ಬರುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿನ ಕೀರ್ತಿಗೆ ಅದೇ ಆಧಾರ. ದೀಪದ ಮೇಲೆ ಕಾಯಿಸುವ ‘ಗ್ರೀನ್ ಟೀ ತೈಲ’ದ ಕಂಪು ಮನಸ್ಸಿಗೆ ಮುದ ನೀಡಬಹುದು, ಆದರೆ ಎಲೆಯ ಕ್ಯಾಟೆಚಿನ್ ಅದರ ಮೂಲಕ ದೇಹವನ್ನು ಸೇರದು.

ನಿಜವಾದ ಅಪಾಯವಿರುವುದು ಸೌಂದರ್ಯಕ್ಕೆಂದೂ ತೂಕ ಇಳಿಸಲೆಂದೂ ನುಂಗುವ ಸತ್ವದ ಗುಳಿಗೆಗಳಲ್ಲಿ. ಇಂಥ ಗುಳಿಗೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇ.ಜಿ.ಸಿ.ಜಿ. ಸೇವಿಸಿದರೆ ಯಕೃತ್ತಿಗೆ ಹಾನಿಯ ಸೂಚನೆಗಳು ಕಾಣಬಹುದೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2018ರಲ್ಲಿ ಎಚ್ಚರಿಸಿತು. ಬಟ್ಟಲಿನಲ್ಲಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತವೆಂದೂ ಅದು ಹೇಳಿತು. ಕಾಮಾಲೆಯ ಲಕ್ಷಣಗಳು ತೋರಿದರೆ ಗುಳಿಗೆಯನ್ನು ಒಡನೆಯೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಕೊಳ್ಳುವ ಮುನ್ನ ಪಟ್ಟಿಯನ್ನು ಲೆಕ್ಕಪತ್ರದಂತೆ ಓದಿರಿ. ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬುದು ನಮ್ಮ ದೇಶದ ನಿಯಮ. ಚಹಾಗಿಡದ ಶಾಸ್ತ್ರೀಯ ನಾಮವಾದ ‘ಕೆಮೆಲಿಯ ಸೈನೆನ್ಸಿಸ್’ ಪಟ್ಟಿಯ ಕೊನೆಯಲ್ಲಿದ್ದರೆ ಅದರ ಪಾಲು ಅಲ್ಪವೆಂದು ತಿಳಿಯಬಹುದು. ಹೊಸ ಲೇಪನವನ್ನು ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ಬಿಸಿಲಿಗೆ ಕೊಡೆ, ಬೆವರಿಗೆ ಸ್ನಾನ, ಬಾಯಾರಿಕೆಗೆ ನೀರು: ಇವುಗಳ ಸ್ಥಾನವನ್ನು ಯಾವ ಸೀಸೆಯೂ ತುಂಬಲಾರದು.